ಆರು ಗಂಟೆಯ ನೀರು

ನಮ್ಮ ಓಣಿಗೆ ಮಳೆನೀರಿನ ಚರಂಡಿ ಒಂದೇ ಬದಿಗೆ ಬರುತ್ತದೆ ಎಂದು ಗೊತ್ತಾದ ದಿನದಿಂದ, ಅದು ನಮ್ಮ ಬದಿಗೇ ಬರಲಿ ಎಂಬುದೊಂದೇ ನನ್ನ ಹಂಬಲ. ಕೌಲ್ ಬಜಾರಿನ ಈ ಓಣಿಯಲ್ಲಿ ಎರಡು ಚರಂಡಿಗೆ ಜಾಗವಿಲ್ಲ. ಎರಡು ವರ್ಷದ ಹಿಂದೆ ಮಳೆನೀರು ಒಳಗೆ ನುಗ್ಗಿ, ನೆಲದಲ್ಲಿ ಮಲಗಿದ್ದ ಮಗಳು ಯಶೋಧರಾಳ ಹಾಸಿಗೆ ತೊಯ್ದಿತ್ತು. ಒಂದು ತಿಂಗಳು ಕೆಮ್ಮಿದಳು. ಆಮೇಲೆ ಬಾಗಿಲ ಮುಂದೆ ಸಿಮೆಂಟಿನ ಕಟ್ಟೆ ಹಾಕಿಸಿದೆವು. ಆದರೂ ಮೋಡ ಕಂಡರೆ ಅವಳ ಹಾಸಿಗೆ ಸುತ್ತಿ ಟ್ರಂಕಿನ ಮೇಲಿಡುತ್ತೇನೆ.

ಸಭೆ ಈರಮ್ಮನ ಕಿರಾಣಿ ಅಂಗಡಿಯ ಮುಂದೆ ನಡೆಯಿತು. ಪಾಲಿಕೆಯ ಇಂಜಿನಿಯರ್ ಗವಿಸಿದ್ದೇಶ್ ನಕ್ಷೆ ಹರಡಿ, "ನೀರು ಯಾವ ಬದಿಗೆ ನಿಲ್ತೈತಿ, ನೀವ ಹೇಳ್ರಿ," ಎಂದರು. ಎಲ್ಲರೂ ತಮ್ಮ ತಮ್ಮ ಬಾಗಿಲು ತೋರಿಸಿದರು.

"ಮಾರೆಣ್ಣ, ನಿನ್ನ ಮನಿ ಮೂರು ಮೆಟ್ಲು ಮ್ಯಾಗೈತಿ. ಅಲ್ಲಿಗೆ ಹತ್ತಾಕ ನೀರಿಗೆ ನಿಚ್ಚಣಿಕಿ ಬೇಕು!" ಎಂದಳು ಈರಮ್ಮ. ಮಾರೆಣ್ಣನೂ ನಕ್ಕ.

ಎದುರು ಮನೆಯ ಗಾದೆಮ್ಮ ಮಾತ್ರ ಏನೂ ತೋರಿಸಲಿಲ್ಲ. ಕುರುಗೋಡಿನ ಬಸ್ಸಿನಲ್ಲಿ ಬಂದ ಮಲ್ಲಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟುತ್ತಿದ್ದಳು.

"ಸರ್, ನಾಳಿ ಮುಂಜಾನಿ ಆರಕ್ಕ ಬರ್ರಿ," ಎಂದೆ ನಾನು. "ದಿನಾ ನಾವು ಬಾಗಿಲಿಗೆ ನೀರು ಹಾಕ್ತೀವಿ. ನಾಳಿ ಎಲ್ಲಾರೂ ಒಮ್ಮಿಗೇ ನಾಕು ನಾಕು ಕೊಡ ಸುರೀತೀವಿ. ಎಲ್ಲಿ ನಿಲ್ತೈತೋ ನೋಡ್ಕೊಳ್ರಿ."

ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ ಎಂಬ ಧೈರ್ಯದಿಂದಲೇ ಹೇಳಿದ್ದೆ.

ಮರುದಿನ ಹದಿನಾಲ್ಕು ಮನೆಯವರು ಕೊಡ ಹಿಡಿದು ನಿಂತರು. "ಹುಂ, ಸುರೀರಿ!" ಎಂದಳು ಈರಮ್ಮ. ನೀರು ಕಸಕಡ್ಡಿ ತಳ್ಳಿಕೊಂಡು ನೇರ ನಮ್ಮ ಬಾಗಿಲಿಗೇ ಬಂತು. ಕಟ್ಟೆಯ ಮೂಲೆಗೆ ಬಡಿಯಿತು. ಹೊರಳಿ ಓಣಿ ದಾಟಿ ಗಾದೆಮ್ಮನ ಹೊಸ್ತಿಲಿಗೆ ಹೋಗಿ ನಿಂತಿತು.

ಗಾದೆಮ್ಮ ಹೊಸ್ತಿಲ ಮೇಲಿನ ಗೋಣಿಚೀಲ ಒತ್ತಿ ಸರಿಮಾಡಿ, ಮೋಟು ಪೊರಕೆಯಿಂದ ನೀರು ನೂಕತೊಡಗಿದಳು. ಆ ಗೋಣಿಚೀಲವನ್ನು ನಾನು ದಿನಾ ನೋಡಿದ್ದೆ. ಕಾಲೊರೆಸಲು ಹಾಕಿದ್ದಾಳೆ ಅಂದುಕೊಂಡಿದ್ದೆ.

"ಗಾದೆಮ್ಮಕ್ಕಾ, ಎರಡು ವರ್ಷ ಯಾಕ ಹೇಳ್ಲಿಲ್ಲ?"

"ನಿನ್ನ ಮಗಳು ಕೆಮ್ಮೋದು ನಮ್ಮನಿಗೂ ಕೇಳ್ತಿತ್ತಲ್ಲವ್ವ," ಎಂದಳು, ಪೊರಕೆ ನಿಲ್ಲಿಸದೆ.

ಗವಿಸಿದ್ದೇಶ್ ನಕ್ಷೆಯ ಮೇಲೆ ಗೆರೆ ಎಳೆದರು. "ಚರಂಡಿ ಗಾದೆಮ್ಮನ ಬದಿಗೇ ಆಗ್ಬೇಕ್ರಿ. ಆದ್ರ ಅಗಿಯೋ ಮಷಿನ್ ತಿರುಗಾಕ ಜಾಗ ಬೇಕು. ನಿಮ್ಮ ಕಟ್ಟಿ ಮೊದ್ಲು ಒಡೀಬೇಕಾಗ್ತೈತಿ."

"ಕೆಲಸ ಮುಗಿಯಾಕ ಎಷ್ಟು ದಿನ?"

"ಎರಡು ತಿಂಗಳು."

"ಅಷ್ಟರಾಗ ಮಳಿ ಬಂದ್ರ?"

ಉತ್ತರ ಬಂದದ್ದು ಎದುರಿನ ಹೊಸ್ತಿಲಿಂದ.

"ಹುಡುಗೀನ ನನ್ನ ಮನಿಗೆ ಕಳಿಸು. ಮಂಚದ ಕಾಲಿಗೆ ಎರಡೆರಡು ಇಟ್ಟಂಗಿ ಇಟ್ಟೀನಿ. ಅಲ್ಲೀತನಕ ನೀರು ಬರಂಗಿಲ್ಲ."

ಆ ಇಟ್ಟಂಗಿಗಳನ್ನು ಅವಳು ಯಾಕೆ ಇಟ್ಟಳೆಂದು ಕೇಳುವ ಅಗತ್ಯವಿರಲಿಲ್ಲ. ಕಟ್ಟೆ ಒಡೆಯಲು ಒಪ್ಪಿಗೆ ಎಂದು ಗವಿಸಿದ್ದೇಶ್ ಕೊಟ್ಟ ಕಾಗದಕ್ಕೆ ಸಹಿ ಹಾಕಿದೆ. ಒಳಗೆ ಕುಕ್ಕರ್ ಕೂಗಿತು. ಒಲೆ ಆರಿಸಿ, ಯಶೋಧರಾಳನ್ನು ಎಬ್ಬಿಸಿದೆ. ಅವಳ ಹಾಸಿಗೆ ಸುತ್ತಿದೆ. ಟ್ರಂಕಿನ ಮೇಲೆ ಇಡಲಿಲ್ಲ, ಹೆಗಲಿಗೇರಿಸಿಕೊಂಡು ಒದ್ದೆ ಓಣಿ ದಾಟಿದೆ.