ಮಾಸ್ತರರು ಬರೆದ ಹುಟ್ಟಿದ ದಿನ

ಉರುಕುಂದಪ್ಪ ಮಾಸ್ತರರು ದೇವದುರ್ಗದ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ದಾಖಲಾತಿ ಪುಸ್ತಕ ಬರೆದವರು. ಮುತ್ತು ಪೋಣಿಸಿದಂಥ ಅಕ್ಷರ, ಎಲ್ಲಿಯೂ ಒಂದು ಚಿತ್ತಿಲ್ಲ. ಅದರೊಳಗಿನ ಸುಳ್ಳುಗಳೂ ಅಷ್ಟೇ ಅಂದವಾಗಿದ್ದವು. ಕೂಲಿಗೆ ಹೋಗುವವರ ಮಕ್ಕಳು ಹುಟ್ಟಿದ ತಾರೀಖನ್ನು ಯಾರು ಬರೆದಿಟ್ಟಿದ್ದರು? ಜೂನ್‌ನಲ್ಲಿ ಮಗುವನ್ನು ಕರೆತಂದರೆ, "ಕೈ ತಲಿ ಮ್ಯಾಲಿಂದ ಹಾಯಿಸಿ ಆ ಕಡಿ ಕಿವಿ ಹಿಡಿ ನೋಡೋಣ" ಎನ್ನುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಆರು ತುಂಬಿತು. ಆರು ವರ್ಷ ಹಿಂದಿನ ಜೂನ್ ಒಂದನೇ ತಾರೀಖು ಪುಸ್ತಕಕ್ಕೆ ಇಳಿಯುತ್ತಿತ್ತು. ತಾಗದಿದ್ದರೆ ಮುಂದಿನ ವರ್ಷ ಬಾ.

ಹೀಗಾಗಿ ಅವರ ಶಿಷ್ಯರಲ್ಲಿ ಮುಕ್ಕಾಲು ಮಂದಿ ಒಂದೇ ದಿನ ಹುಟ್ಟಿದವರು. ನಿವೃತ್ತರಾಗಿ ಮಾನ್ವಿಯಲ್ಲಿ ನೆಲೆಸಿದ ಮೇಲೂ ಪ್ರತಿ ವರ್ಷ ಆ ದಿನ ಆಶೀರ್ವಾದ ಕೇಳುವ ಶಿಷ್ಯರಿಂದ ಅವರ ಫೋನಿಗೆ ಬಿಡುವಿರುತ್ತಿರಲಿಲ್ಲ. ಮಾಸ್ತರರಿಗೆ ಅದೊಂದು ತಮಾಷೆ. ಆಗಸ್ಟಿನ ಒಂದು ಮುಂಜಾನೆ ಗುಲ್ನಾಜ್ ಬಂದು ಬಾಗಿಲಲ್ಲಿ ನಿಲ್ಲುವವರೆಗೆ ಅದು ತಮಾಷೆಯಾಗಿಯೇ ಇತ್ತು.

ಗುಲ್ನಾಜ್ ಅವರ ಹಳೆಯ ವಿದ್ಯಾರ್ಥಿನಿ. ದೇವದುರ್ಗದ ಬಜಾರಿನಲ್ಲಿ ಗಂಡನ ಜೊತೆ ಬಟ್ಟೆ ಅಂಗಡಿ ನಡೆಸುತ್ತಾಳೆ. ಸಿರವಾರದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಕೊಟ್ಟ ಚಹಾವನ್ನು ಮುಟ್ಟಲೂ ಇಲ್ಲ.

"ಸಾರ್, ಸೂಗಮ್ಮ ನೆನಪದಾಳೇನ್ರಿ?"

ನೆನಪಿಲ್ಲದೆ ಏನು? ಜಿಲ್ಲೆಗೇ ಗೊತ್ತಿರುವ ಹೆಸರು. ಒಂಬತ್ತು ವರ್ಷದ ಹಿಂದೆ, ಫೆಬ್ರುವರಿಯಲ್ಲಿ, ರಾಯಚೂರಿನಲ್ಲಿ ತಾನು ಕೆಲಸಕ್ಕಿದ್ದ ಮನೆಯ ಮೂವರಿಗೆ ಹತ್ತಿಗೆ ಹೊಡೆಯುವ ಕೀಟನಾಶಕದ ಎಣ್ಣೆಯನ್ನು ಸಾರಿನಲ್ಲಿ ಬೆರೆಸಿ ಬಡಿಸಿ ಕೊಂದವಳು. ಯಾಕೆಂದು ಕೇಳಿದರೆ ಬಾಯಿ ಬಿಟ್ಟಿರಲಿಲ್ಲ. ರಾಯಚೂರಿನ ಕೋರ್ಟು ಗಲ್ಲು ಕೊಟ್ಟಿತು, ಮೇಲಿನ ಕೋರ್ಟುಗಳು ಅದನ್ನೇ ಎತ್ತಿ ಹಿಡಿದವು. ಈಗ ಬೆಳಗಾವಿಯ ಜೈಲಿನಲ್ಲಿ ದಿನ ಕಾಯುತ್ತಿದ್ದಳು. ಪೇಪರಿನಲ್ಲಿ ಫೋಟೋ ಬಂದಾಗ ಮಾಸ್ತರರು ಇವಳು ನಮ್ಮ ಶಾಲೆಯ ಹುಡುಗಿ ಎಂದು ಹೆಂಡತಿಗೂ ಹೇಳಿರಲಿಲ್ಲ.

"ಅಕಿ ಮಾಡಿದ್ದು ಖರೆ ಸಾರ್, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅವತ್ತು ಅಕಿಗೆ ಹದಿನೆಂಟು ತುಂಬಿದ್ದಿಲ್ಲ. ತುಂಬಲಾರದವರಿಗೆ ಕಾಯ್ದೆದಾಗ ಗಲ್ಲಿಲ್ಲಂತ್ರಿ."

"ಯಾರಂದ್ರು?"

"ವಕೀಲ್ರು ದೇವಿಕಾ ಮೇಡಂ. ದಯಾ ಅರ್ಜಿ ಬರಿಯಾಕ ಅಕಿ ಸಣ್ಣಾಕಿದ್ದಾಗಿನ ಸಂಗತಿ ಕೇಳಾಕ ಬಂದಿದ್ರು. ಅಮ್ಮಿ ಹಾಲಿನ ಮಾತು ತಗದ್ಳು."

ಹಾಲಿನ ಮಾತು ಆ ಓಣಿಯವರಿಗೆಲ್ಲ ಗೊತ್ತಿದ್ದದ್ದೇ. ಗುಲ್ನಾಜಳ ತಾಯಿ ಖತೀಜಾ ಬೀ ಇವಳನ್ನು ಹೆತ್ತು ನಲ್ವತ್ತು ದಿನ ತುಂಬಿ ತಲೆಗೆ ನೀರು ಹಾಕಿಕೊಂಡ ದಿನವೇ ಪಕ್ಕದ ಗುಡಿಸಲಿನಲ್ಲಿ ಸೂಗಮ್ಮ ಹುಟ್ಟಿದ್ದು. ಮೂರನೇ ದಿನಕ್ಕೆ ಅವಳನ್ನು ಹೆತ್ತ ಬಾಣಂತಿ ತೀರಿಕೊಂಡಳು. ಖತೀಜಾ ಬೀ ಆ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಹಾಲು ಕೊಟ್ಟಳು. ಒಂದೇ ಎದೆಹಾಲು ಕುಡಿದವರು ಅವರ ಮನೆತನಗಳಲ್ಲಿ ಒಡಹುಟ್ಟಿದವರೇ ಆಗುತ್ತಾರೆ, ಅವರೊಳಗೆ ಮದುವೆ ಕೂಡ ನಡೆಯುವುದಿಲ್ಲ. ಅದಕ್ಕೇ ಯಾರು ಯಾವಾಗ ಕುಡಿದರೆಂಬುದನ್ನು ಯಾರೂ ಮರೆಯುವುದಿಲ್ಲ. ಗುಲ್ನಾಜ್ ಹುಟ್ಟಿದ್ದು ಆಸ್ಪತ್ರೆಯಲ್ಲಿ, ಸರ್ಟಿಫಿಕೇಟು ಇದೆ, ೧೯೯೮ರ ನವೆಂಬರ್ ಹದಿನಾಲ್ಕು. ಅಲ್ಲಿಂದ ನಲ್ವತ್ತು ದಿನ ಎಣಿಸಿದರೆ ಸೂಗಮ್ಮ. ಆ ಲೆಕ್ಕದಲ್ಲಿ ಕೊಲೆಯ ದಿನ ಅವಳಿಗೆ ಹದಿನೇಳು ವರ್ಷ ಎರಡು ತಿಂಗಳು.

ಮಾಸ್ತರರ ಪುಸ್ತಕದಲ್ಲಿ ಮಾತ್ರ ಅವಳು ೧೯೯೭ರ ಜೂನ್ ಒಂದರಂದು ಹುಟ್ಟಿದ್ದಳು.

"ದಿಲ್ಲಿ ಕೋರ್ಟು ರಾಯಚೂರಿನ ಜಡ್ಜಿಗೆ ವಯಸ್ಸು ತನಿಖಿ ಮಾಡ್ರಿ ಅಂದದ. ಅಮ್ಮಿ ಮಾತು ಒಬ್ರೂ ನಂಬಾಕತ್ತಿಲ್ಲ, ಹಾಲು ಕುಡಿಸಿದಾಕಿ ಹಂಗ ಹೇಳಾಕಿನ ಅಂತಾರ. ಸಾಲಿ ಕಾಗದ ದೊಡ್ಡದಂತ. ಅದನ್ನ ಬರದವ್ರು ನೀವು. ಶುಕ್ರವಾರ ಬಂದು ಹೇಳ್ರಿ ಸಾರ್."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥ ಧೂಳೇನೂ ಇರಲಿಲ್ಲ.

"ಪುಸ್ತಕದಾಗ ಏನದ ಅದ ಖರೆ, ಯವ್ವಾ. ನಾ ಏನ್ ಹೇಳ್ಲಿ?"

ಗುಲ್ನಾಜ್ ಜಗಳಕ್ಕೆ ನಿಲ್ಲಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು. "ನಾವಿಬ್ರೂ ಕೈ ಹಿಡಕೊಂಡು ಸಾಲಿಗೆ ಬಂದಿದ್ವಿ ಸಾರ್. ನನ್ನ ಕೈ ಕಿವಿಗೆ ಮುಟ್ಟಲಿಲ್ಲ. ಅಕಿದು ಮುಟ್ಟಿತು. ನಾ ಅಳಕೋತ ಮನಿಗೆ ಹೋದೆ" ಎಂದು ಹೇಳಿ ಬಸ್ಸಿಗೆ ಹೋದಳು.

ಆ ಮಾತು ಅರ್ಧ ಮಾತ್ರ ನಿಜವೆಂದು ಮಾಸ್ತರರಿಗೆ ಗೊತ್ತಿತ್ತು. ಯಾಕೆಂದರೆ ಸೂಗಮ್ಮನ ಕೈಯೂ ಮುಟ್ಟಿರಲಿಲ್ಲ. ಆ ವರ್ಷ ಒಂದನೇ ಇಯತ್ತೆಗೆ ಒಂದು ಹೆಸರು ಕಡಿಮೆ ಬಿದ್ದಿತ್ತು. ತುಂಬದಿದ್ದರೆ ಶಾಲೆಯ ಎರಡನೇ ಮಾಸ್ತರ ಹುದ್ದೆ ಹೋಗುತ್ತಿತ್ತು. ಗುಲ್ನಾಜಳ ಕೈಯಲ್ಲಿ ಆಸ್ಪತ್ರೆಯ ಸರ್ಟಿಫಿಕೇಟು, ಅಲ್ಲಿ ಏನೂ ನಡೆಯುವಂತಿರಲಿಲ್ಲ. ಈ ತಾಯಿಯಿಲ್ಲದ, ಸರ್ಟಿಫಿಕೇಟೂ ಇಲ್ಲದ ಉದ್ದನೆಯ ಹುಡುಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ವಾಲಿಸಿದ್ದರು. ಬೆರಳು ಕಿವಿಗೆ ತಾಗಿತು. ಪೆನ್ನು ತೆರೆದು, ಇನ್ನೂ ಐದು ತುಂಬದವಳಿಗೆ ಆರು ವರ್ಷ ಬರೆದರು.

ಅಂದು ಸಂಜೆ ಅಮರೇಶ ಫೋನು ಮಾಡಿದ. ಅವನೂ ಹಳೆಯ ಶಿಷ್ಯ, ಈಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಅವನಿಗೆ ಸುದ್ದಿ ಹೇಗೋ ಮುಟ್ಟಿತ್ತು.

"ಸಾರ್, ಒಂದು ತಾರೀಖು ಸುಳ್ಳಂದ್ರ ಎಲ್ಲಾ ಸುಳ್ಳಾಗ್ತಾವ. ನಮ್ಮ ಸರ್ವಿಸ್ ಪುಸ್ತಕದ ಗತಿ ಏನ್ರಿ? ನಿಮ್ಮ ಮ್ಯಾಲೂ ಕೇಸ್ ಹಾಕ್ತಾರ. ಸುಮ್ನ ಕುಂಡ್ರಿ."

ಮಾಸ್ತರರು ಎರಡು ದಿನ ಸುಮ್ಮನೆ ಕೂತರು. ಇಡೀ ತಾಲ್ಲೂಕೇ ಕೈಯೆತ್ತಿ ಮುಗಿಯುತ್ತಿದ್ದ ಮನುಷ್ಯ, ಎಪ್ಪತ್ತೆರಡನೇ ವಯಸ್ಸಿನಲ್ಲಿ ಕಟಕಟೆ ಹತ್ತಿ ನಾನು ಸುಳ್ಳು ಬರೆದೆ ಎನ್ನಬೇಕಿತ್ತು. ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಒಂದು ಜೀವ ಹಗ್ಗದ ತುದಿಯಲ್ಲಿರುವಾಗ ತಾನು ಮರ್ಯಾದೆಯ ಚಿಂತೆ ಮಾಡುತ್ತ ಕೂತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ರಾಯಚೂರಿನ ಬಸ್ಸು ಹತ್ತಿದರು.

ಕೋರ್ಟಿನಲ್ಲಿ ಇಬ್ಬರು ಮಹಿಳಾ ಪೊಲೀಸರ ನಡುವೆ ಸೂಗಮ್ಮ ನಿಂತಿದ್ದಳು. ಸೊರಗಿದ್ದಳು. ಮಾಸ್ತರರನ್ನು ಕಂಡ ಕೂಡಲೇ ಕೈ ಮುಗಿದಳು. ಮಾಸ್ತರರು ಬೇರೆ ಕಡೆ ನೋಡಿದರು.

ಸರ್ಕಾರಿ ವಕೀಲರು ದಾಖಲಾತಿ ಪುಸ್ತಕವನ್ನು ಅವರ ಮುಂದೆ ಹಿಡಿದರು.

"ಈ ಅಕ್ಷರ ನಿಮ್ಮದೇನಾ?"

"ನಂದ ರೀ."

"ಹಾಗಾದರೆ ಈ ತಾರೀಖು ಸರಿ ಇದೆ?"

"ಇಲ್ರಿ. ಅಕ್ಷರ ನಂದು. ತಾರೀಖೂ ನಂದ. ಅಕಿದಲ್ಲ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಮಾಸ್ತರರು ಕೈ ಕಿವಿಯ ಲೆಕ್ಕವನ್ನು ಹೇಳಿದರು. ಆಮೇಲೆ ತಮ್ಮ ತಲೆಯನ್ನು ತಾವೇ ಹಿಡಿದು ವಾಲಿಸಿ ತೋರಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಹಿಂಗ ಮಾಡಿದೆ ಸಾಹೇಬ್ರ. ಒಂದು ಹೆಸರು ಬೇಕಾಗಿತ್ತು. ಜೊತಿಗೆ ಬಂದ ಗುಲ್ನಾಜಳನ್ನ ಸಣ್ಣಾಕಿ ಅಂತ ವಾಪಸ್ ಕಳಿಸಿದೆ. ಅಕಿಕಿಂತ ನಲ್ವತ್ತು ದಿನ ಸಣ್ಣಾಕಿನ್ನ ತಗೊಂಡೆ. ನನಗೇನು ಶಿಕ್ಷಾ ಕೊಡ್ತೀರಿ ಕೊಡ್ರಿ. ಆ ಪುಸ್ತಕ ನಂಬಿ ಅಕಿನ್ನ ಕೊಲ್ಲಬ್ಯಾಡ್ರಿ."

ಮಧ್ಯಾಹ್ನದ ಮೇಲೆ ನ್ಯಾಯಾಧೀಶರು ತಮ್ಮ ವರದಿಯನ್ನು ಅಲ್ಲಿಯೇ ಹೇಳಿ ಬರೆಸಿದರು. ಶಾಲೆಯ ತಾರೀಖು ನಂಬಲರ್ಹವಲ್ಲ, ಘಟನೆಯ ದಿನ ಇವಳಿಗೆ ಹದಿನೆಂಟು ತುಂಬಿರಲಿಲ್ಲ. ಇನ್ನು ದಿಲ್ಲಿಯವರು ಗಲ್ಲನ್ನು ರದ್ದು ಮಾಡಲೇಬೇಕು ಎಂದು ದೇವಿಕಾ ವಕೀಲರು ಬಿಡಿಸಿ ಹೇಳಿದಾಗ ಖತೀಜಾ ಬೀ ಗೋಡೆಗೆ ಒರಗಿ ಕುಳಿತುಬಿಟ್ಟಳು. ಗುಲ್ನಾಜ್ ಅವಳನ್ನು ತಬ್ಬಿಕೊಂಡು ಅತ್ತಳು.

ಹೊರಗೆ ಪೊಲೀಸ್ ವ್ಯಾನು ತಯಾರಾಗಿತ್ತು. ಮಾಸ್ತರರು ಪೊಲೀಸಮ್ಮನನ್ನು ಕೇಳಿಕೊಂಡು ಸೂಗಮ್ಮನ ಹತ್ತಿರ ಹೋದರು. ಎರಡು ದಿನದಿಂದ ಅವರನ್ನು ಒಂದು ಪ್ರಶ್ನೆ ತಿನ್ನುತ್ತಿತ್ತು.

"ಯವ್ವಾ, ನೀ ಗುಲ್ನಾಜಳಕಿಂತ ಸಣ್ಣಾಕಿ ಅಂತ ನಿನಗ ಗೊತ್ತಿದ್ದಿಲ್ಲೇನು?"

"ಗೊತ್ತಿತ್ರಿ ಸಾರ್. ಅಮ್ಮಿ ದಿನಾ ಹೇಳ್ತಿದ್ಳು."

"ಮತ್ತ ಪೊಲೀಸ್ರು ಕೇಳಿದಾಗ, ಕೋರ್ಟಿನಾಗ ಕೇಳಿದಾಗ, ಯಾಕ ಹೇಳಲಿಲ್ಲ?"

ಸೂಗಮ್ಮ ಅವರನ್ನೇ ನೋಡಿದಳು. ಮಾಸ್ತರರಿಗೆ ಇದು ಹೇಗೆ ಮರೆತುಹೋಯಿತೆಂದು ಅವಳಿಗೆ ಅಚ್ಚರಿಯಾದಂತಿತ್ತು.

"ನಾ ಸಾಲಿ ಸೇರಿದ ವರ್ಷ ತಪಾಸಣಿ ಸಾಹೇಬ್ರು ಬರೋದಿತ್ತು ಸಾರ್. ನೀವು ನನ್ನ ಎದ್ರಿಗೆ ಕುಂಡ್ರಿಸ್ಕೊಂಡು ಹೇಳಿದ್ರಿ, ಯಾವ ಸಾಹೇಬ್ರು ಕೇಳಿದ್ರೂ ಪುಸ್ತಕದಾಗ ಬರದದ್ದ ಹೇಳಬೇಕು, ಬ್ಯಾರೆ ಹೇಳಿದ್ರ ಸಾಲಿ ಬಿಡಿಸ್ತಾರ ಅಂತ. ನಾ ತಪ್ಪದಂಗ ಹೇಳೀನ್ರಿ ಸಾರ್. ಎಲ್ಲಾ ಸಾಹೇಬ್ರಿಗೂ."

ಪೊಲೀಸಮ್ಮ ಕರೆದಳು. ಸೂಗಮ್ಮ ಬಗ್ಗಿ ಮಾಸ್ತರರ ಕಾಲು ಮುಟ್ಟಲು ಬಂದಳು. ಅವರು ಹಿಂದಕ್ಕೆ ಸರಿದು ಅವಳ ಎರಡೂ ಕೈ ಹಿಡಿದುಕೊಂಡರು. ವ್ಯಾನು ಹೋದ ಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಬರುವವರು ಹೋಗುವವರ ಎದುರಿಗೇ, ಮಾಸ್ತರರು ಗಟ್ಟಿಯಾಗಿ ಅತ್ತರು.