ಅರ್ಧ ಮಂಚ

ಗಂಟು ಹಾಗೇ ಇತ್ತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವನು ಪಾರ್ಟ್‌ನರ್‌ನ ಬೆಡ್‌ಶೀಟಿನ ನಾಲ್ಕೂ ಮೂಲೆಗಳನ್ನು ಒಟ್ಟುಗೂಡಿಸಿ, ಹಲ್ಲಿನಲ್ಲಿ ಕಚ್ಚಿ ಎಳೆದು, ಒಂದು ಭರ್ಜರಿ ಗಂಟು ಹಾಕಿಟ್ಟಿದ್ದ. ಬಿಚ್ಚಲು ಹತ್ತು ನಿಮಿಷವಾದರೂ ಬೇಕು, ಹನ್ನೊಂದು ಬೈಗುಳವಾದರೂ ಬೇಕು. ಸಂಜೆ ಏಳಕ್ಕೆ ಬಂದು ನೋಡಿದರೆ ಅದು ಮಂಚದ ಮೇಲೆ ಮುನಿಸಿಕೊಂಡ ನೆಂಟನ ಹಾಗೆ ಕೂತಿತ್ತು.

“ಯಾಕೋ, ಸೋಲೊಪ್ಕೊಂಡ್ಯಾ?” ಎಂದು ಖಾಲಿ ಮಂಚಕ್ಕೆ ಬೆರಳು ತೋರಿಸಿ ಗುಡುಗಿದ. “ಈ ಕೋಟೆ ಬಿಟ್ಟು ಓಡೋಗೋನಿಗೆ ಭೂಮಿ ಮೇಲೆ ಜಾಗ ಇಲ್ಲ ಕಣೋ!”

ಮಾತೆತ್ತಿದರೆ ಸಿನಿಮಾ ಖಳನಾಯಕನ ದನಿ ತೆಗೆಯುತ್ತಿದ್ದುದರಿಂದಲೇ ಕೋಣೆಯವರು ಅವನಿಗೆ ಡೈಲಾಗ್ ಎಂದು ಹೆಸರಿಟ್ಟಿದ್ದರು. ಬೇರೆ ದಿನವಾಗಿದ್ದರೆ ಯಾರಾದರೂ ಚಪ್ಪಲಿ ಎಸೆಯುತ್ತಿದ್ದರು. ಅವತ್ತು ಎಲ್ಲರೂ ಬೂಟಿನ ದಾರ ಬಿಚ್ಚುವುದರಲ್ಲೇ ಮುಳುಗಿಹೋಗಿದ್ದರು.

ಪರದೇಶದ ಆ ಕೋಣೆಯಲ್ಲಿ ಹನ್ನೆರಡು ಮಂಚ, ಇಪ್ಪತ್ತನಾಲ್ಕು ಜನ. ಲಾಂಡ್ರಿಯ ಹಗಲು ಪಾಳಿಯವರು ಎದ್ದು ಹೋದ ಮೇಲೆ ರಾತ್ರಿ ಪಾಳಿಯವರು ಬಂದು ಅದೇ ಮಂಚಗಳಲ್ಲಿ ಬೀಳುತ್ತಿದ್ದರು. ಹಾಸಿಗೆ ಆರುವ ಮುಂಚೆ ಇನ್ನೊಬ್ಬನ ಬೆನ್ನು. ಹೋಗುವವನು ತನ್ನ ಬೆಡ್‌ಶೀಟನ್ನು ಮಡಿಸಿ ಕಾಲ ಬಳಿ ಇಡಬೇಕು, ಬಂದವನು ತನ್ನದನ್ನು ಹಾಸಿಕೊಳ್ಳಬೇಕು. ಹೋಗುವ ವ್ಯಾನು, ಬರುವ ವ್ಯಾನು ಸೇತುವೆಯ ಮೇಲೆ ಎದುರುಬದುರಾಗುತ್ತಿದ್ದವು. ಗಾಜಿನ ತುಂಬ ಮಂಜು. ಡೈಲಾಗ್ ಆ ಮಂಜಿಗೇ ಕೈ ಬೀಸುತ್ತಿದ್ದ. ಹಾಗಾಗಿ ಏಳು ತಿಂಗಳು ಒಂದೇ ಮಂಚದಲ್ಲಿ ಮಲಗಿದರೂ ಅವನು ಪಾರ್ಟ್‌ನರ್‌ನ ಮುಖ ನೋಡಿರಲಿಲ್ಲ.

ಜಗಳ ಶುರುಮಾಡಿದ್ದು ಡೈಲಾಗೇ. ಮೊದಲ ವಾರದಲ್ಲೇ ದಿಂಬಿನ ಕೆಳಗೆ ಅಲಾರಾಂ ಇಟ್ಟು ಹೋಗಿದ್ದ, ಗಾಢ ನಿದ್ದೆಯ ಹೊತ್ತಿಗೆ ಬಡಿದುಕೊಳ್ಳುವ ಹಾಗೆ. ಸಂಜೆ ಬಂದು ತಲೆ ಇಟ್ಟರೆ ದಿಂಬಿನ ತುಂಬ ಬಟ್ಟೆಗೆ ಕಟ್ಟುವ ತಗಡಿನ ನಂಬರ್ ಬಿಲ್ಲೆಗಳು. ಆಮೇಲೆ ಇವನ ಲುಂಗಿಯ ಬಾಯಿಗೆ ಹೊಲಿಗೆ ಬಿತ್ತು, ಅವನ ಸೋಪಿಗೆ ಬಣ್ಣ ಬಿತ್ತು. ಒಂದು ರಜೆಯ ದಿನ, ಇವತ್ತು ಆಸಾಮಿಯನ್ನು ನೋಡಿಯೇ ಬಿಡೋಣ ಎಂದು ಡೈಲಾಗ್ ಕೋಣೆಯಲ್ಲೇ ಕಾದು ಕೂತ. ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿದ್ದೇ ತಡ, ಹಿಂಬಾಗಿಲಿಂದ ಪರಾರಿಯಾದ. ನೋಡಿಬಿಟ್ಟರೆ ಆಟ ಮುಗಿಯಿತಲ್ಲ! ಊರಿಂದ ಫೋನು ಬಂದಾಗ ಅಮ್ಮ, “ನಿಂಗೆ ಅಲ್ಲಿ ಜೊತೆಗೆ ಯಾರಿದಾರೋ?” ಎಂದರೆ, “ಒಬ್ಬ ಇದಾನಮ್ಮ, ಮಾತು ಕಮ್ಮಿ,” ಎನ್ನುತ್ತಿದ್ದ.

“ಬೆಳಿಗ್ಗೆಯಿಂದ ನಿಂಗೆ ಹೇಳೋಣ ಅಂತಾನೇ ಇದ್ದೆ ಕಣಪ್ಪ,” ಎಂದ ದೊಡ್ಡಪ್ಪ. ದೊಡ್ಡಪ್ಪ ಯಾರಿಗೂ ದೊಡ್ಡಪ್ಪನಲ್ಲ. ಕೋಣೆಗೆಲ್ಲ ಹಿರಿಯ, ಹಗಲಲ್ಲಿ ಡೈಲಾಗ್ ಆಸ್ಪತ್ರೆಯ ಬೆಡ್‌ಶೀಟುಗಳ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಹಿಡಿಯುವವನು. “ಇಸ್ತ್ರಿ ರೋಲರಿಗೆ ಇವತ್ತು ಹೊಸ ಬಟ್ಟೆ ಸುತ್ತಿದ್ರಲ್ಲ, ನೋಡ್ದ್ಯಾ?”

“ನೋಡ್ದೆ. ಮೇಸ್ತ್ರಿಗೆ ಜ್ಞಾನೋದಯ ಆಗಿದೆ ಅನ್ಕೊಂಡೆ.”

“ಜ್ಞಾನೋದಯ ಅಲ್ಲ. ನಿನ್ನೆ ರಾತ್ರಿ ನಿನ್ ಪಾರ್ಟ್‌ನರ್ ಕೈ ಸಿಕ್ಕಾಕೊಂಡ್ತು.”

ಡೈಲಾಗ್ ನಗುವುದಕ್ಕೆ ತೆರೆದ ಬಾಯಿಯನ್ನು ಹಾಗೇ ಬಿಟ್ಟುಕೊಂಡು ನಿಂತ. ಕಾದ ರೋಲರು ಪಾರ್ಟ್‌ನರ್‌ನ ಕೈಯನ್ನು ಮೊಣಕೈವರೆಗೆ ಒಳಕ್ಕೆ ಎಳೆದುಕೊಂಡಿತ್ತು. ನಿಲ್ಲಿಸುವ ಕೆಂಪು ಗುಂಡಿ ಎರಡು ತಿಂಗಳಿಂದ ಕೆಟ್ಟಿತ್ತು. ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮೇಸ್ತ್ರಿ ಅವನನ್ನು ತನ್ನ ಕಾರಿನಲ್ಲಿ ಹಾಕಿಕೊಂಡು ಹೋಗಿ ಆಸ್ಪತ್ರೆಯ ಗೇಟಿನ ಹತ್ತಿರ ಇಳಿಸಿ ಬಂದನಂತೆ. ಗೇಟಿನ ಒಳಗಲ್ಲ, ಹತ್ತಿರ.

“ಊರಿಗೆ ವಾಪಸ್ ಹೋದ ಇನ್ಯಾರದೋ ಪರ್ಮಿಟ್ ಕಾರ್ಡಲ್ಲಿ ಅವನು ಕೆಲ್ಸ ಮಾಡ್ತಿದ್ದ. ಕಂಪನಿ ಪಟ್ಟೀಲಿ ಅವ್ನಿಲ್ಲ,” ಎಂದ ದೊಡ್ಡಪ್ಪ. “ಕೈಗೆ ಇನ್ನೆರಡು ಆಪರೇಷನ್ ಆಗ್ಬೇಕಂತೆ. ಕಂಪನಿ ಆಳು ಅಂತಾದ್ರೆ ಮಾಡ್ತಾರೆ. ಇಲ್ಲಾಂದ್ರೆ ಬ್ಯಾಂಡೇಜ್ ಸುತ್ತಿ ವಿಮಾನ ಹತ್ತಿಸ್ತಾರೆ, ಅಷ್ಟೇ.”

“ನಾವು ಹೇಳಿದ್ರಾಯ್ತು, ನಮ್ಮವ್ನೇ ಅಂತ.”

“ಹೇಳು. ಆಮೇಲೆ ಅವ್ನ ಪಕ್ಕದ ಸೀಟಲ್ಲೇ ಕೂತ್ಕೊಂಡು ನೀನೂ ಹೋಗು.”

ಅವತ್ತು ಡೈಲಾಗ್ ಗಂಟು ಬಿಚ್ಚಿದ. ತನ್ನದೇ ಕೈಯ ಗಂಟು, ಆದರೂ ಉಗುರು ಕಿತ್ತುಬಂತು. ಶೀಟನ್ನು ಮಡಿಸಿ ಕಾಲ ಬಳಿ ಇಟ್ಟ. ಮರುದಿನ ಸಂಜೆ ಅದು ಅಲ್ಲೇ ಇತ್ತು. ಅದರ ಮರುದಿನವೂ. ಏಳು ತಿಂಗಳಲ್ಲಿ ಮೊದಲ ಸಲ ಅವನಿಗೆ ತಣ್ಣನೆಯ ಹಾಸಿಗೆ ಸಿಕ್ಕಿತು. ಬೇರೆಯವರು ಅಸೂಯೆಯಿಂದ, “ರಾಜಯೋಗ ಕಣೋ ನಿಂದು,” ಎಂದರು. ರಾಜನಿಗೆ ನಿದ್ದೆ ಬರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮೇಸ್ತ್ರಿ ಹಗಲು ಪಾಳಿಯವರನ್ನು ಕೆಲಸದ ನಡುವೆಯೇ ಕೋಣೆಗೆ ಕರೆತಂದ. ಮಲಗಿದ್ದ ರಾತ್ರಿ ಪಾಳಿಯವರನ್ನು ಎಬ್ಬಿಸಿ, ಕಣ್ಣುಜ್ಜುತ್ತಿದ್ದವರನ್ನು ಚೀಲಗಳ ಸಮೇತ ವ್ಯಾನಿಗೆ ತುಂಬಿ ಎಲ್ಲಿಗೋ ಸುತ್ತಾಡಿಸಲು ಕಳಿಸಿದ್ದಾಗಿತ್ತು.

“ಕಾರ್ಮಿಕ ಇಲಾಖೆಯಿಂದ ಮೇಡಂ ಬರ್ತಿದಾರೆ,” ಎಂದ ಮೇಸ್ತ್ರಿ. “ಲೆಕ್ಕ ಸುಲಭ. ಹನ್ನೆರಡು ಮಂಚ, ಹನ್ನೆರಡು ಜನ. ಒಬ್ಬೊಬ್ರು ಒಂದೊಂದು ಮಂಚದ ಹತ್ರ ನಿಂತ್ಕೊಳ್ಳಿ. ಕೇಳಿದ್ರೆ ‘ನಂದೇ’ ಅನ್ನಿ. ಮುಗೀತು.” ಡೈಲಾಗ್‌ನ ಎದುರು ಬಂದು ನಿಂತು, ಕಾಲರ್ ಸರಿಮಾಡಿದ. “ನಿನ್ ಸಿನಿಮಾ ಇವತ್ತು ಬೇಡ. ನಿನ್ ಕಾರ್ಡ್ ರಿನ್ಯೂವಲ್‌ಗೆ ಕಳಿಸ್ಬೇಕು ಅಂತ ನನ್ ಡ್ರಾಯರಲ್ಲೇ ಇಟ್ಟಿದೀನಿ. ಗೊತ್ತಲ್ಲ?”

ಗೊತ್ತಿತ್ತು.

ಮೇಡಂ ಜೋರಿನವಳೇನಲ್ಲ. ನೆಗಡಿಯಾಗಿತ್ತು, ಪ್ರಶ್ನೆಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದಳು. ಮಂಚದಿಂದ ಮಂಚಕ್ಕೆ ಬಂದಳು. “ನಂದೇ.” “ನಂದೇ ಮೇಡಂ.” ದೊಡ್ಡಪ್ಪ ನೆಲ ನೋಡಿಕೊಂಡು, “ನಂದೇ,” ಎಂದ. ಡೈಲಾಗ್‌ನ ತಲೆಯಲ್ಲಿ ಸಾಲುಸಾಲು ಸಂಭಾಷಣೆಗಳು ಬಂದು ನಿಂತವು. ಸಿನಿಮಾದಲ್ಲಾಗಿದ್ದರೆ ಈಗ ಗಾಳಿ ಬೀಸಬೇಕು, ಕಿಟಕಿ ದಡಾರನೆ ತೆರೆಯಬೇಕು, ಹೀರೋನ ಕೂದಲು ಹಾರಬೇಕು. ಕಿಟಕಿಗೆ ಮೊಳೆ ಹೊಡೆದಿತ್ತು.

“ಈ ಮಂಚ ನಿಮ್ಮೊಬ್ರದ್ದೇನಾ?”

“ಅರ್ಧ,” ಎಂದ.

ದನಿ ಎಷ್ಟು ಸಣ್ಣಗೆ ಬಂತೆಂದರೆ ಅವನಿಗೇ ನಾಚಿಕೆಯಾಯಿತು. ಮೇಸ್ತ್ರಿ ನಕ್ಕ. “ತಮಾಷೆ ಆಸಾಮಿ ಮೇಡಂ ಇವ್ನು. ಯಾವಾಗ್ಲೂ ಹಿಂಗೇ.”

“ಇನ್ನರ್ಧ ಯಾರದ್ದು?” ಮೇಡಂ ಮೂಗು ಒರೆಸುವುದನ್ನು ನಿಲ್ಲಿಸಿದಳು.

“ರಾತ್ರಿ ಪಾಳಿಯವನದ್ದು. ರೋಲರಿಗೆ ಕೈ ಕೊಟ್ಟನಲ್ಲ, ಅವನದ್ದು.”

“ನೋಡೋಕೆ ಹೇಗಿದಾನೆ?”

“ನೋಡಿಲ್ಲ ಮೇಡಂ.”

“ಒಂದೇ ಮಂಚದಲ್ಲಿ ಮಲಗ್ತಾನಂತೆ, ಮುಖ ನೋಡಿಲ್ವಂತೆ!” ಮೇಸ್ತ್ರಿ ಈಗ ನಿಜವಾಗಿಯೂ ನಗುತ್ತಿದ್ದ.

ಡೈಲಾಗ್ ಮಂಚದ ಮೇಲೆ ಕೈಯಿಟ್ಟ. “ಮುಖ ನೋಡಿಲ್ಲ. ಆದ್ರೆ ಮೇಡಂ, ಉದ್ದ ಆಳು. ಶೀಟಿನ ಕಾಲ್ಗಡೆ ಅಂಚು ಸವೆದೋಗಿದೆ, ಕಾಲು ಹೊರಗೆ ಬರ್ತಾವೆ. ಗೋಡೆ ಕಡೆ ತಿರುಗಿ ಮಲಗ್ತಾನೆ, ಅಲ್ಲಿ ನೋಡಿ ತಲೆ ಎಣ್ಣೆ ಕಲೆ. ನಂದು ಅಷ್ಟು ಮೇಲಿರಲ್ಲ, ಬೇಕಾದ್ರೆ ಮಲಗಿ ತೋರಿಸ್ತೀನಿ. ಎಡಗೈಯವನು. ನನ್ ಲುಂಗಿ ಹೊಲ್ದಿದ್ದ, ಹೊಲಿಗೆ ಎಲ್ಲಾ ಉಲ್ಟಾ ಕಡೆಯಿಂದ ಬಂದಿತ್ತು. ನೋವಿನ ಎಣ್ಣೆ ಸೊಂಟಕ್ಕೆ ಹಚ್ಕೋತಾನೆ. ಭಾನುವಾರ ಮಾತ್ರ ದಿಂಬು ಒದ್ದೆ ಇರತ್ತೆ. ಯಾಕೆ ಅಂತ ನಾನು ಕೇಳಿಲ್ಲ.” ಸ್ವಲ್ಪ ತಡೆದು, “ಕೇಳೋಕೆ ಸಿಗ್ತಿರ್ಲಿಲ್ಲ,” ಎಂದ.

ಮೇಡಂ ಬರೆಯುತ್ತಲೇ ಇದ್ದಳು. ಪುಟ ತಿರುಗಿಸಿ, ಹಿಂದಿನದೇನನ್ನೋ ಓದಿಕೊಂಡು, “ಆಸ್ಪತ್ರೇಲಿ ಒಬ್ರಿದಾರೆ. ಎಡಗೈ,” ಎಂದಳು. “ಸೈಕಲ್‌ನಿಂದ ಬಿದ್ದೆ ಅಂತ ಹೇಳ್ತಿದಾರೆ. ಡಾಕ್ಟರು ನಂಬ್ತಿಲ್ಲ. ಈಗ್ಲೇ ನನ್ ಜೊತೆ ಬರ್ತೀರಾ?”

ಮೇಸ್ತ್ರಿ ಬಾಗಿಲಿನಿಂದ ಸ್ವಲ್ಪವೇ ಸರಿದು ದಾರಿ ಬಿಟ್ಟ. ದೊಡ್ಡಪ್ಪ ಕಣ್ಣೆತ್ತಿ ನೋಡುತ್ತಾನೇನೋ ಎಂದು ಡೈಲಾಗ್ ಒಮ್ಮೆ ಹಿಂದೆ ತಿರುಗಿದ. ದೊಡ್ಡಪ್ಪ ತನ್ನ ದಿಂಬಿನ ಗವುಸು ಸರಿಮಾಡುತ್ತಿದ್ದ.

ವಾರ್ಡಿನಲ್ಲಿ ಆರು ಹಾಸಿಗೆಗಳಿದ್ದವು. ನೋಡಲು ಬರುವವರ ಹೊತ್ತು. ಐದು ಹಾಸಿಗೆಗಳ ಸುತ್ತ ಹಣ್ಣು, ಮಕ್ಕಳು, ಗುಸುಗುಸು. ಆರನೆಯದರಲ್ಲಿ ಉದ್ದನೆಯ ಒಬ್ಬ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಾಲುಗಳು ಮಂಚದ ಕಂಬಿಯ ಆಚೆ ಬಂದಿದ್ದವು. ಎಡಗೈ ದಿಂಬಿನಷ್ಟು ದಪ್ಪ ಬ್ಯಾಂಡೇಜಿನೊಳಗಿತ್ತು. ಅವನ ಪಕ್ಕದ ಕುರ್ಚಿಯನ್ನು ಬೇರೆ ಹಾಸಿಗೆಯವರು ಎಳೆದುಕೊಂಡು ಹೋಗಿದ್ದರು.

ಹೆಜ್ಜೆಯ ಸದ್ದಿಗೆ ಅವನು ತಿರುಗಿದ. ನಲವತ್ತು ದಾಟಿದವನು. ಡೈಲಾಗ್ ಇಷ್ಟು ದಿನ ತನ್ನ ವಯಸ್ಸಿನ ಹುಡುಗನೊಬ್ಬನನ್ನು ಗೋಳು ಹೊಯ್ದುಕೊಂಡಿದ್ದ. ಇಲ್ಲಿ ಮೀಸೆ ಅರ್ಧ ನರೆತ, ಯಾರದೋ ಅಪ್ಪ ಇದ್ದ.

“ಸೈಕಲ್‌ನಿಂದ ಬಿದ್ದೆ,” ಎಂದ ಆ ಮನುಷ್ಯ ತಾನಾಗಿಯೇ, ಇಬ್ಬರನ್ನೂ ನೋಡಿ. “ನಾನೆಲ್ಲೂ ಕೆಲ್ಸ ಮಾಡ್ತಿರ್ಲಿಲ್ಲ. ರೋಡಲ್ಲಿ ಬಿದ್ದೆ.”

“ಅಣ್ಣ,” ಎಂದ ಡೈಲಾಗ್. ಏನು ಕರೆಯಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಇದು ತಾನಾಗಿ ಬಂತು. “ನನ್ ದಿಂಬಲ್ಲಿ ಬಿಲ್ಲೆ ತುಂಬಿದ್ದು ನೀವಾ?”

ಆ ಮನುಷ್ಯ ಬಾಯಿಪಾಠ ಮಾಡಿದ್ದ ಮಾತನ್ನು ಇನ್ನೊಮ್ಮೆ ಹೇಳಲು ತುಟಿ ತೆರೆದವನು ಅರ್ಧಕ್ಕೆ ನಿಲ್ಲಿಸಿದ.

“ಅಲಾರಾಂ ಇಟ್ಟ ಮುಠ್ಠಾಳ ನೀನೇನಾ?”

“ನಾನೇ.”

“ನಿನ್ ಮನೆ ಹಾಳಾಗ! ಎದೆ ಒಡೆದೋಗಿತ್ತು ನಂದು.” ನಗಲು ಹೋಗಿ ಕೈ ಅಲುಗಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಮತ್ತೆ ತೆರೆದಾಗ ಅವು ಮೇಡಂ ಕಡೆ ಹೋಗಿ ಬಂದವು. ದನಿ ತಗ್ಗಿಸಿ, “ಇಲ್ಲಿಗ್ಯಾಕೆ ಬಂದೆ? ಬಾಯಿ ಬಿಟ್ರೆ ರಾತ್ರಿ ಪಾಳಿಯವ್ರೆಲ್ಲರನ್ನೂ ವಾಪಸ್ ಕಳಿಸ್ತೀನಿ ಅಂದಿದಾನೆ ಮೇಸ್ತ್ರಿ.”

“ಆಗ್ಲೇ ಬಿಟ್ಟಾಯ್ತಣ್ಣ. ನಾನೇ ಹೇಳ್ದೆ.”

“ನಿನ್ ಕೆಲ್ಸ?”

“ಗೊತ್ತಿಲ್ಲ.”

“ಇವತ್ತೆಲ್ಲಿ ಮಲಗ್ತೀಯ?”

ಅದರ ಬಗ್ಗೆ ಡೈಲಾಗ್ ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಭುಜ ಕುಣಿಸಿದ. ಮೇಡಂ, “ರಾತ್ರಿ ಪಾಳಿಯವ್ರನ್ನ ಕಳಿಸೋಕೆ ಬಿಡಲ್ಲ ಅಂತ ನಾನು ಮಾತು ಕೊಡೋಕಾಗಲ್ಲ,” ಎಂದಳು. “ಪ್ರಯತ್ನ ಮಾಡ್ತೀನಿ. ಆದ್ರೆ ನಿಮ್ಮ ಹೇಳಿಕೆ ಇಲ್ದೆ ಅದೂ ಆಗಲ್ಲ.”

ಪಕ್ಕದ ಹಾಸಿಗೆಯ ಮಗುವೊಂದು ಬಂದು ಬ್ಯಾಂಡೇಜನ್ನು ದಿಟ್ಟಿಸಿ ನೋಡಿ ಓಡಿಹೋಯಿತು. ಆಮೇಲೆ ಅವನು ಶುರುಮಾಡಿದ: ಕೆಂಪು ಗುಂಡಿ ಎಂದಿನಿಂದ ಕೆಟ್ಟಿತ್ತು, ಯಾರಿಗೆ ಹೇಳಿದ್ದೆ, ಯಾರು ಸ್ವಿಚ್ ಆರಿಸಿದರು. ಮೇಡಂ ಬರೆದುಕೊಂಡಳು, ಓದಿ ಹೇಳಿದಳು, ಕಾಗದವನ್ನು ಕಂಬಳಿಯ ಮೇಲಿಟ್ಟು ಪೆನ್ನು ಕೊಟ್ಟಳು.

ಬಲಗೈಯಲ್ಲಿ ಪೆನ್ನು ಹಿಡಿಯುವುದು ಅವನಿಗೆ ತಿಳಿಯಲಿಲ್ಲ. ಮುಷ್ಟಿಯಲ್ಲಿ ಹಿಡಿದ, ಬಿಟ್ಟ, ಮತ್ತೆ ಬೆರಳುಗಳಲ್ಲಿ ಹಿಡಿದ. ಮೊದಲ ಅಕ್ಷರಕ್ಕೇ ಕಾಗದ ಜಾರಿತು. ಡೈಲಾಗ್ ಮುಂದೆ ಬಾಗಿ ಅದರ ಮೇಲೆ ಅಂಗೈ ಊರಿದ.

“ಆಕಡೆ ನೋಡೋ. ಒಂದನೇ ಕ್ಲಾಸ್ ಹುಡುಗನ್ ಥರ ಬರೀತಿದೀನಿ.”

ಡೈಲಾಗ್ ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ಇನ್ನೂ ಬೆಳಕಿತ್ತು. ಎದುರಿನ ತಾರಸಿಯ ಮೇಲೆ ಯಾರೋ ಒಬ್ಬರು ನೀರಿನ ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ಇಣುಕುತ್ತಿದ್ದರು. ಅವನ ಅಂಗೈಯ ಕೆಳಗೆ ಕಾಗದ ಸಣ್ಣಗೆ ಅಲುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು.