ಕೌದಿ ಹೊದ್ದ ಹಸಿಕಡಲೆ

ಬೆರಳು ಮರಗಟ್ಟುತ್ತಿವೆ, ಈ ಬೇಸಿಗೆಯಲ್ಲಿ, ಅಂಗಳದ ಹಾಸುಗಲ್ಲು ರೊಟ್ಟಿ ಬೇಯುವಷ್ಟು ಕಾದಿರುವಾಗ ಹಸೀನಾಳ ಕೈಯಲ್ಲಿ ಮಾತ್ರ ಚಳಿಗಾಲದ ಗಡ್ಡೆ, ಹಸಿಕಡಲೆ, ಒಂದಕ್ಕೊಂದು ಅಂಟಿ ಕಲ್ಲಾಗಿವೆ, ಬೋಗುಣಿಯ ಅಂಚಿಗೆ ಕುಟ್ಟಿದರೆ ಟಣ್ ಎನ್ನುತ್ತವೆ — ಪಡಸಾಲೆಯಲ್ಲಿ ಅವನ ದನಿ, ಎರಡು ವರ್ಷದ ಮೇಲೆ ಮಸ್ಕತ್ತಿನಿಂದ ಬಂದ ಗಂಡ ರಸೂಲಸಾಬನ ದನಿ, ತುಸು ದಪ್ಪಗಾಗಿದೆಯೇ, ಬೆಳಿಗ್ಗೆ ಬಂದವನು ಅವಳ ಮುಖವನ್ನು ಇನ್ನೂ ಸರಿಯಾಗಿ ನೋಡಿಲ್ಲ, ಓಣಿಯ ಮಂದಿ ಬಿಟ್ಟರೆ ತಾನೆ, ಇರಲಿ, ಊಟಕ್ಕೆ ಕೂಡಲಿ, ಒಂದು ತುತ್ತು ಬಾಯಿಗೆ ಹೋಗಲಿ, ಆಗ ತಲೆ ಎತ್ತುತ್ತಾನೆ, ಎತ್ತದೆ ಎಲ್ಲಿ ಹೋಗುತ್ತಾನೆ, ಇದು ಯಾವ ಕಾಳು, ಯಾರಿಗಾಗಿ ಕಾದದ್ದು ಎಂದು ಅವನಿಗೆ ತಿಳಿಯದೇ.

ಹೊರಡುವ ಮುಂಚೆ ಇಟ್ಟಂಗಿಹಾಳದ ಹೊಲದಲ್ಲಿ ಬದುವಿನ ಮೇಲೆ ಇಬ್ಬರೇ ಕೂತಿದ್ದರು, ಕಡಲೆಗಿಡ ಕಿತ್ತು ಸುಲಿದು ಸುಲಿದು ಬಾಯಿಗೆ, ಸೊಪ್ಪಿನ ಹುಳಿ ಕೈಗೆಲ್ಲ ಅಂಟಿ, ಅವನು ಬೆರಳು ನೆಕ್ಕುತ್ತ, ಎಲ್ಲಾ ಬಿಟ್ಟ ಇರಬಹುದು ಹಸೀನಾ, ಇದೊಂದನ್ನ ಬಿಟ್ಟ ಇರೂದು ಆಗೂದಿಲ್ಲ ನೋಡು, ಇದೊಂದನ್ನ ಅಂದರೆ ಕಡಲೆಯನ್ನೋ ಅವಳನ್ನೋ, ಕೇಳಲಿಲ್ಲ, ನಾಚಿಕೆ ಬಂತು. ರಜೆ ಸಿಕ್ಕದ್ದಾದರೂ ಯಾವಾಗ, ಹೊಲ ಬರಿದಾದ ಮೇಲೆ. ಅವನು ಕಳಿಸಿದ ಹಣದಲ್ಲಿ ಫ್ರಿಜ್ ಬಂದ ದಿನ ಮಂದಿಯೆಲ್ಲ ತಣ್ಣೀರು ತಣ್ಣೀರು ಅಂದರು, ಅವಳಿಗೆ ಹೊಳೆದದ್ದು ಕಡಲೆ, ಮುಂಬಯಿಯಲ್ಲಿದ್ದು ಬಂದ ನೆರೆಮನೆಯ ಶಹಜಾದಿ ಹೇಳಿಕೊಟ್ಟಳು, ಕುದಿನೀರಾಗ ಹಾಕು, ಹಸರು ಏರಿತೋ ಇಲ್ಲೋ ತಗದ ಬಿಡು, ತಣ್ಣೀರಾಗ ಮುಳುಗಿಸು, ಅರಿಬಿ ಮ್ಯಾಲ ಆರಿಸಿ ಚೀಲ ಕಟ್ಟಿ ಬರ್ಫಿನ ಖಾನೇದಾಗ ಇಡು. ಅತ್ತೆ ಹಾಜಿರಾಬಿ ಮೂಗು ಮುರಿದಳು, ಬಿಸಲಾಗ ಒಣಗಿಸೂದು ಬಿಟ್ಟು ಇದೇನ ಬೇ ಹೊಸಾ ಹುಚ್ಚು, ಕರೆಂಟು ಹೋದಾಗಲೆಲ್ಲ ತಂಪು ಸೋರದಿರಲೆಂದು ಹಸೀನಾ ಫ್ರಿಜ್ಜಿಗೆ ಕೌದಿ ಹೊದಿಸುತ್ತಿದ್ದಳಲ್ಲ, ಆಗಂತೂ ಅತ್ತೆ, ಅದಕ್ಕೇನ ಥಂಡಿಜ್ವರ ಬಂದಾವೇನ. ನಗಲಿ, ನಕ್ಕವರ ಹಲ್ಲು ಕಂಡೀತು, ಅವಳ ಕಾಳು ಕೆಡಲಿಲ್ಲ.

ಎಣ್ಣೆ ಕಾದಿದೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕಾಳು ಬಿದ್ದೊಡನೆ ಚೊರ್ ಎಂದು ಆವಿ, ಮೇಲೆ ಶೇಂಗಾಪುಡಿ, ಒಂದು ಕಾಳು ಬಾಯಿಗೆ ಹಾಕಿಕೊಂಡಳು, ಮೆತ್ತಗಿದೆ, ಸಿಹಿಯೂ ಇದೆ, ಆದರೆ ಆ ಹುಳಿ, ಹುಳಿ ಕಾಳಿನದಲ್ಲವಲ್ಲ, ಸೊಪ್ಪಿನದು, ಕಿತ್ತ ಕೈಯದು, ಅದನ್ನು ಯಾವ ಚೀಲದಲ್ಲಿ ಕಟ್ಟಿಡುವುದು — ಬ್ಯಾಡ, ಈಗ ಅದೆಲ್ಲ ಬ್ಯಾಡ, ರೊಟ್ಟಿ ಆರುತ್ತದೆ.

ಮಂದಿ ಹೋದರು, ಅವನು ಕೂತ, ರೊಟ್ಟಿ ಮುರಿದ, ಪಲ್ಯ ಸೇರಿಸಿ ಬಾಯಿಗಿಟ್ಟ, ಬಾಗಿಲ ಮರೆಯಲ್ಲಿ ಅವಳು ನಿಂತಿದ್ದಾಳೆ, ಇನ್ನೊಂದು ತುತ್ತು, ಮತ್ತೊಂದು, ತಲೆ ಎತ್ತಿದ, ಹೌದು, ನೋಡಿದ, ನಕ್ಕ ಕೂಡ, ಭಾಳ ಛಲೋ ಆಗ್ಯಾವ ಹಸೀನಾ, ನಮ್ಮ ಮೆಸ್ಸಿನಾಗೂ ದಿನಾ ಹಿಂಗ ಬರ್ಫಿನ ಚೀಲ ಒಡದ ಹಾಕ್ತಾರ, ಥೇಟ್ ಅದ ರುಚಿ ನೋಡು. ಹೊಗಳಿಕೆಯೇ ಅದು, ಮನಸಾರೆ ಅಂದದ್ದು, ಹೊಲದ ನೆನಪೇ ಇಲ್ಲ ಅದರಲ್ಲಿ, ಹಾಕ್ಲ್ಯಾ ಇನ್ನಷ್ಟು ಎನ್ನಬೇಕು, ಅಷ್ಟರಲ್ಲಿ ಅವನು ತಾಟಿನಲ್ಲಿ ಉಳಿದ ಕೊನೆಯ ಕಾಳನ್ನೂ ಬೆರಳಿಗೆ ಒತ್ತಿಕೊಂಡು ತಿಂದ, ತಂಬಿಗೆ ಎಳೆದುಕೊಂಡ, ತಾಟಿನೊಳಗೇ ನೀರು ಬಿಟ್ಟುಕೊಂಡ, ಬೆರಳು ತೊಳೆಯುತ್ತಿದ್ದಾನೆ, ಒಂದೊಂದಾಗಿ, ಆ ಬೆರಳು, ನೆಕ್ಕದೇ ತೊಳೆದ ಆ ಬೆರಳು.